ಸ್ಕ್ಯಾನರ್ ‘ಎಲ್ಲ ಸರಿ’ ಎಂದಾಗ: ಮಾಡಿಫೈ ಆದ ಎಂಜಿನ್ ಪೆಟ್ರೋಲ್ ಕುಡಿದ ಪ್ರಕರಣ

ಕಾರು 1.2 ಲೀಟರ್, ನಾಲ್ಕು ಸಿಲಿಂಡರಿನ ಬಿಎಸ್-4 ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಾಟವೆಲ್ಲ ಬೆಂಗಳೂರಿನೊಳಗೆ, ಒಂದು ಸಲಕ್ಕೆ ಆರೇಳು ಕಿಲೋಮೀಟರ್. ಮಾಲೀಕರು ಹೇಳಿದ ಬದಲಾವಣೆಗಳು ಇವು: ಕೋನ್ ಏರ್ ಫಿಲ್ಟರ್, 4-2-1 ಹೆಡರ್ (ನಾಲ್ಕು ಸಿಲಿಂಡರಿನ ಹೊಗೆ ಪೈಪು ಎರಡಾಗಿ, ಮತ್ತೆ ಒಂದಾಗುವ ಜೋಡಣೆ), ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಹಾಕಿದ ಫ್ರೀ-ಫ್ಲೋ ಸೈಲೆನ್ಸರ್, ಒಂದು ನಂಬರ್ ‘ಕೋಲ್ಡ್’ ಆದ (ತುದಿಯ ಬಿಸಿಯನ್ನು ಬೇಗ ಬಿಟ್ಟುಕೊಡುವ) ಸ್ಪಾರ್ಕ್ ಪ್ಲಗ್, 195/65 ಆರ್15 ಟೈರು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್, ಎಂದರೆ ಅದರ ಪೆಟ್ರೋಲ್ ಲೆಕ್ಕದ ಬದಲಾವಣೆ. ಹೇಳದೆ ಬಿಟ್ಟದ್ದು ಎರಡು. ಅವು ಮುಂದೆ ಸಿಕ್ಕವು.

ದೂರು ಸರಳ. ಮೊದಲು 15–16 ಕಿ.ಮೀ. ಕೊಡುತ್ತಿದ್ದ ಗಾಡಿ ಈಗ ಡ್ಯಾಶ್‌ಬೋರ್ಡಿನಲ್ಲಿ 9 ತೋರಿಸುತ್ತಿದೆ. ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ, ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ. ಮೂರು ಕಡೆ ತೋರಿಸಿಯಾಗಿತ್ತು. ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಹೊಸ ಪ್ಲಗ್ ಎಲ್ಲ ಮುಗಿದಿದ್ದವು. ಎಲ್ಲ ಕಡೆಯೂ ಬಂದ ಕೊನೆಯ ಮಾತು ಒಂದೇ: ಸ್ಕ್ಯಾನರಿನಲ್ಲಿ ಏನೂ ತೊಂದರೆ ಇಲ್ಲ, ರೀಮ್ಯಾಪ್ ಮಾಡಿಸಿದ್ದೇ ತಪ್ಪು.

ಮೊದಲು ಅಳತೆ

ಮೈಲೇಜ್ ದೂರು ಬಂದಾಗ ಬಾನೆಟ್ ಎತ್ತುವುದಕ್ಕೆ ಮುಂಚೆ ಮೈಲೇಜನ್ನೇ ಅಳೆಯಬೇಕು. ಡ್ಯಾಶ್‌ಬೋರ್ಡಿನ ಅಂಕಿ ಇಂಜೆಕ್ಟರ್ ತೆರೆದಿರುವ ಸಮಯದಿಂದ ಲೆಕ್ಕ ಹಾಕಿದ ಅಂದಾಜು. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದದ್ದೇ ನಂಬುವಂಥದ್ದು: ಅದೇ ಬಂಕ್, ಅದೇ ನಾಝಲ್, ಗಾಡಿ ಅದೇ ಜಾಗದಲ್ಲಿ ನಿಲ್ಲಬೇಕು, ಮೊದಲ ಆಟೊ ಕಟ್ ಆದ ಕೂಡಲೇ ನಿಲ್ಲಿಸಬೇಕು, ನಡುವೆ ಕನಿಷ್ಠ 300 ಕಿ.ಮೀ. ಓಡಿರಬೇಕು. ಹಾಗೆ ಅಳೆದಾಗ 318 ಕಿ.ಮೀ.ಗೆ 29.2 ಲೀಟರ್ ಹಿಡಿಯಿತು. ಎಂದರೆ ಲೀಟರಿಗೆ 10.9.

ಇದರಲ್ಲೂ ಒಂದು ತಿದ್ದುಪಡಿ ಇದೆ. ಕಂಪನಿಯ ಟೈರು 165/80 ಆರ್14, ಅದರ ವ್ಯಾಸ ಸುಮಾರು 620 ಮಿ.ಮೀ. ಈಗಿನ 195/65 ಆರ್15 ಸುಮಾರು 634 ಮಿ.ಮೀ. ಚಕ್ರ ಒಂದು ಸುತ್ತಿಗೆ ಶೇ. 2.4ರಷ್ಟು ಹೆಚ್ಚು ದೂರ ಹೋಗುತ್ತದೆ, ಆದರೆ ಓಡೋಮೀಟರಿಗೆ ಅದು ತಿಳಿಯುವುದಿಲ್ಲ. ಆದ್ದರಿಂದ ನಿಜವಾಗಿ ಓಡಿದ್ದು 326 ಕಿ.ಮೀ., ನಿಜವಾದ ಮೈಲೇಜ್ 11.1. ವ್ಯತ್ಯಾಸ ಚಿಕ್ಕದು, ಆದರೂ ದೊಡ್ಡ ಟೈರು ಹಾಕಿದ ಗಾಡಿಗಳಲ್ಲಿ ಈ ಲೆಕ್ಕ ಮಾಡದೆ ಎಂಜಿನ್ನನ್ನು ಬೈಯುವುದು ಸರಿಯಲ್ಲ.

ನಾಲ್ಕೂ ಪ್ಲಗ್ಗಿನ ತುದಿಯಲ್ಲಿ ಒಣ ಕಪ್ಪು ಮಸಿ ಒಂದೇ ಸಮನಾಗಿ ಕೂತಿತ್ತು. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಅಥವಾ ಕಾಯಿಲ್ ಕಡೆ ನೋಡಬೇಕಾಗುತ್ತಿತ್ತು. ನಾಲ್ಕೂ ಕಪ್ಪಾಗಿರುವುದರಿಂದ ತೊಂದರೆ ನಾಲ್ಕಕ್ಕೂ ಸೇರಿದ್ದು. ಡಿಪ್‌ಸ್ಟಿಕ್ಕಿನ ಆಯಿಲ್ ಪೆಟ್ರೋಲ್ ನಾರುತ್ತಿತ್ತು, ಮಟ್ಟ ಮೇಲಿನ ಗೆರೆಗಿಂತ 7–8 ಮಿ.ಮೀ. ಮೇಲಿತ್ತು. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಎಂಜಿನ್ನಿನ ಅಡಿಯ ಆಯಿಲ್ ಸಂಪ್‌ಗೆ ಇಳಿಯುತ್ತಿದೆ ಎಂದು ಅರ್ಥ. ಇದನ್ನು ಹಾಗೇ ಬಿಟ್ಟರೆ ಮೈಲೇಜ್ ಮಾತ್ರವಲ್ಲ, ರಿಂಗ್ ಮತ್ತು ಬೇರಿಂಗ್ ಕೂಡ ಹೋಗುತ್ತವೆ. ಕಂಪ್ರೆಷನ್ ಇನ್ನೂ 168ರಿಂದ 174 ಪಿಎಸ್‌ಐ ನಡುವೆ ಇತ್ತು, ಅಷ್ಟರ ಮಟ್ಟಿಗೆ ಬಚಾವು.

ಎಲ್ಲರೂ ನಿಂತ ಜಾಗ

ಓಬಿಡಿ ಸ್ಕ್ಯಾನರ್ ಹಾಕಿದರೆ ಫಾಲ್ಟ್ ಕೋಡ್ ಇಲ್ಲ. ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಕೂಡಿಸಿದರೆ, ಶೇಕಡಾ ಲೆಕ್ಕದಲ್ಲಿ, ಐಡ್ಲಿಂಗ್‌ನಲ್ಲಿ +1, 2500 ಆರ್‌ಪಿಎಂನಲ್ಲಿ −8. ಟ್ರಿಮ್ ±10ರ ಒಳಗಿದ್ದರೆ ಚೆನ್ನಾಗಿದೆ ಎಂಬುದು ವರ್ಕ್‌ಶಾಪುಗಳ ರೂಢಿ ಮಾತು. ಆ ಮಾತಿನ ಪ್ರಕಾರ ಈ ಎಂಜಿನ್ ಆರೋಗ್ಯವಾಗಿದೆ.

ಟ್ರಿಮ್ ಎಂದರೆ ಎಂಜಿನ್ ಹೇಗಿದೆ ಎಂಬ ವರದಿ ಅಲ್ಲ. ಹೊಗೆಯಲ್ಲಿ ಮಿಕ್ಕ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ನಂಬಿ ಇಸಿಯು ತನ್ನ ಮೂಲ ಲೆಕ್ಕಕ್ಕೆ ಮಾಡಿಕೊಂಡ ತಿದ್ದುಪಡಿ ಅದು. ಪ್ಲಸ್ ಎಂದರೆ ಪೆಟ್ರೋಲ್ ಸೇರಿಸುತ್ತಿದೆ, ಮೈನಸ್ ಎಂದರೆ ಕಡಿಮೆ ಮಾಡುತ್ತಿದೆ. ಮೂಲ ಲೆಕ್ಕಕ್ಕೆ ಸಿಕ್ಕ ಮಾಹಿತಿಯೇ ಸುಳ್ಳಾಗಿದ್ದು, ಆಕ್ಸಿಜನ್ ಸೆನ್ಸರ್ ಅದಕ್ಕೆ ವಿರುದ್ಧ ದಿಕ್ಕಿನ ಇನ್ನೊಂದು ಸುಳ್ಳು ಹೇಳಿದರೆ, ಎರಡೂ ಒಂದನ್ನೊಂದು ಕಡಿದು ಟ್ರಿಮ್ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಇಲ್ಲಿ ಆದದ್ದು ಅದೇ. ಹಾಗಾಗಿ ಇಂಥ ಗಾಡಿಯಲ್ಲಿ ಇಂಜೆಕ್ಟರ್, ರೀಮ್ಯಾಪ್, ಪಂಪ್ ಮುಟ್ಟುವ ಮೊದಲು ಪ್ರತಿ ಸೆನ್ಸರಿನ ಮಾತನ್ನೂ ಬೇರೊಂದು ಉಪಕರಣದಿಂದ ಪರಿಶೀಲಿಸಬೇಕು.

ಸೆನ್ಸರುಗಳ ಸಾಕ್ಷಿ

ಈ ಎಂಜಿನ್ನಿಗೆ ಏರ್‌ಫ್ಲೋ ಮೀಟರ್ ಇಲ್ಲ. ಮ್ಯಾನಿಫೋಲ್ಡ್ ಒತ್ತಡ (ಮ್ಯಾಪ್ ಸೆನ್ಸರ್), ಒಳಬರುವ ಗಾಳಿಯ ಉಷ್ಣತೆ ಮತ್ತು ಆರ್‌ಪಿಎಂ ಹಿಡಿದು ಇಸಿಯು ಗಾಳಿಯ ತೂಕವನ್ನು ಲೆಕ್ಕ ಹಾಕುತ್ತದೆ. ಏರ್‌ಫ್ಲೋ ಮೀಟರ್ ಇರುವ ಕಾರಿನಲ್ಲಿ ಕೋನ್ ಫಿಲ್ಟರಿನ ಕೊಳವೆ ಅಗಲವಾದರೆ ಲೆಕ್ಕವೇ ತಪ್ಪುತ್ತದೆ. ಇಲ್ಲಿ ಹಾಗಾಗುವುದಿಲ್ಲ, ಆದ್ದರಿಂದ ಫಿಲ್ಟರ್ ಮೇಲಿನ ಅನುಮಾನವನ್ನು ಆಗಲೇ ಕೈಬಿಡಬಹುದಾಗಿತ್ತು.

ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡುವುದು ಅತಿ ಸುಲಭದ, ಖರ್ಚಿಲ್ಲದ ಪರೀಕ್ಷೆ. ಮ್ಯಾಪ್ ಸೆನ್ಸರ್ 91 ಕಿಲೋಪಾಸ್ಕಲ್ ತೋರಿಸಿತು. ಕೆಲವರು ಇದನ್ನು ನೋಡಿ ‘101 ಬರಬೇಕಿತ್ತು, ಸೆನ್ಸರ್ ಹೋಗಿದೆ’ ಎನ್ನುತ್ತಾರೆ. ಮಂಗಳೂರಿನಲ್ಲಿ 101 ಬರಬೇಕು ನಿಜ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 91 ಸರಿಯಾದ ಅಂಕಿ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿದ್ದಾಗ 34 ಕಿಲೋಪಾಸ್ಕಲ್. ಮ್ಯಾಪ್ ಸೆನ್ಸರ್, ವ್ಯಾಕ್ಯೂಮ್, ವಾಲ್ವ್ ಟೈಮಿಂಗ್ ಮೂರನ್ನೂ ಪಟ್ಟಿಯಿಂದ ತೆಗೆದುಹಾಕಲು ಅಷ್ಟು ಸಾಕು.

ಕೂಲಂಟ್ ಸೆನ್ಸರ್ 21 ಡಿಗ್ರಿ ತೋರಿಸಿತು, ಹೊರಗಿನ ಥರ್ಮಾಮೀಟರಿನಲ್ಲೂ 21. ಒಳಬರುವ ಗಾಳಿಯ ಸೆನ್ಸರ್ ತೋರಿಸಿದ್ದು ಮೈನಸ್ 2. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್, ಗಾಳಿ, ಹೊರಗಿನ ಹವೆ ಎರಡು ಮೂರು ಡಿಗ್ರಿಯೊಳಗೆ ಹೊಂದಿಕೆಯಾಗಲೇಬೇಕು.

ಗಾಡಿಯನ್ನು ಅರ್ಧ ಗಂಟೆ ಓಡಿಸಿದ ಮೇಲೆ ಎರಡನೆಯ ಅಸಂಗತಿ ಕಂಡಿತು. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) 82 ಡಿಗ್ರಿಗೆ ತೆರೆಯುವ ಎಂಜಿನ್ನಿನಲ್ಲಿ ಕೂಲಂಟ್ 61–64 ಡಿಗ್ರಿ ದಾಟಲೇ ಇಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ನಿಧಾನವಾಗಿ 78ಕ್ಕೆ ಏರಿತು. ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಕೂಡ 60ರ ಆಸುಪಾಸು. ಸೆನ್ಸರ್ ಹೇಳುತ್ತಿರುವುದು ನಿಜ, ಎಂಜಿನ್ನೇ ತಣ್ಣಗಿದೆ.

ಮೂರನೆಯದು ಸೈಲೆನ್ಸರ್ ಬಾಯಲ್ಲಿ ಗ್ಯಾಸ್ ಅನಲೈಸರ್. ಐಡ್ಲಿಂಗ್‌ನಲ್ಲಿ ಸಿಓ (ಕಾರ್ಬನ್ ಮೊನಾಕ್ಸೈಡ್) ಶೇ. 4.1, ಹೈಡ್ರೋಕಾರ್ಬನ್ (ಸುಡದ ಪೆಟ್ರೋಲ್) 480 ಪಿಪಿಎಂ, ಕಾರ್ಬನ್ ಡೈಆಕ್ಸೈಡ್ ಶೇ. 11, ಆಮ್ಲಜನಕ ಶೇ. 2.6. ಉಪಕರಣವೇ ಲೆಕ್ಕ ಹಾಕಿ ತೋರಿಸಿದ ಲ್ಯಾಂಬ್ಡಾ 0.98. ಸಿಕ್ಕ ಗಾಳಿಯನ್ನು ಪೂರ್ತಿ ಸುಡಲು ಬೇಕಾದ ಗಾಳಿಯಿಂದ ಭಾಗಿಸಿದ ಅಂಕಿ ಇದು; ಒಂದಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು. ಲ್ಯಾಂಬ್ಡಾ ಒಂದನ್ನೇ ನೋಡುವವರಿಗೆ ಇದೂ ಸರಿಯೇ ಅನಿಸುತ್ತದೆ, ಒಂದಕ್ಕೆ ಇಷ್ಟು ಹತ್ತಿರ.

ಆದರೆ ಸಿಓ ಶೇ. 4ರ ಮೇಲಿರುವ ಎಂಜಿನ್ ಲ್ಯಾಂಬ್ಡಾ 0.98ರಲ್ಲಿ ಉರಿಯುತ್ತಿರಲಾರದು. ಸಿಓ ಹುಟ್ಟುವುದೇ ಸಿಲಿಂಡರಿನೊಳಗೆ ಆಮ್ಲಜನಕ ಸಾಲದೆ. ಅಷ್ಟು ಕೊರತೆ ಇದ್ದಲ್ಲಿ ಶೇ. 2.6 ಆಮ್ಲಜನಕ ಮಿಕ್ಕಿ ಹೊರಬರುವುದಕ್ಕೆ ಎರಡೇ ದಾರಿ: ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳದಿರುವುದು), ಇಲ್ಲವೇ ಸಿಲಿಂಡರ್ ದಾಟಿದ ಮೇಲೆ ಪೈಪಿನಲ್ಲಿ ಹೊರಗಿನ ಗಾಳಿ ಸೇರಿರುವುದು. ನಿರಂತರ ಮಿಸ್‌ಫೈರ್ ಆಗಿದ್ದರೆ ಹೈಡ್ರೋಕಾರ್ಬನ್ 480ರಲ್ಲಿ ನಿಲ್ಲುತ್ತಿರಲಿಲ್ಲ, ಸಾವಿರಗಳಿಗೆ ಏರುತ್ತಿತ್ತು. ಹಾಗಾದರೆ ಪೈಪಿನಲ್ಲಿ ಗಾಳಿ. ಅದರ ಪಾಲನ್ನು ಕಳೆದು ಲೆಕ್ಕ ಹಾಕಿದರೆ ಸಿಲಿಂಡರಿನ ನಿಜ ಲ್ಯಾಂಬ್ಡಾ 0.89ರ ಆಸುಪಾಸು, ಅಂದರೆ ಬೇಕಾದ್ದಕ್ಕಿಂತ ಸುಮಾರು ಶೇ. 12 ಹೆಚ್ಚು ಪೆಟ್ರೋಲ್. ಹೊರಗಿನ ಗಾಳಿ ಬೆರೆತರೆ ಸಿಓ ಅಂಕಿ ಸ್ವಲ್ಪ ಇಳಿಯಬಹುದೇ ಹೊರತು ಏರಲಾರದು. ಲೀಕ್ ಇರುವ ಎಕ್ಸಾಸ್ಟಿನಲ್ಲಿ ಲ್ಯಾಂಬ್ಡಾಕ್ಕಿಂತ ಸಿಓ ನಂಬಿಕೆಗೆ ಅರ್ಹ ಎನ್ನುವುದು ಇದಕ್ಕೇ. ಟ್ಯೂನಿಂಗ್‌ಗೆಂದು ಹೆಡರಿನ ಕೆಳಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿಸಿಕೊಳ್ಳುವವರು ಇದನ್ನು ಗಮನಿಸಬೇಕು. ಲೀಕ್ ಅದಕ್ಕಿಂತ ಮೇಲಿದ್ದರೆ ಆ ದುಬಾರಿ ಸೆನ್ಸರ್ ಕೂಡ ಅದೇ ಸುಳ್ಳನ್ನು ಹೇಳುತ್ತದೆ.

ಉಳಿದ ಅನುಮಾನಗಳು ಬೇಗ ಮುಗಿದವು. ಫ್ಯೂಯಲ್ ಪ್ರೆಷರ್ 3.0 ಬಾರ್, ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ಮೇಲೂ 2.4, ಆದ್ದರಿಂದ ಇಂಜೆಕ್ಟರ್ ಸೋರುತ್ತಿಲ್ಲ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಒಯ್ಯುವ ಕ್ಯಾನಿಸ್ಟರ್ ಪರ್ಜ್ ಹೋಸನ್ನು ಕ್ಲ್ಯಾಂಪ್ ಮಾಡಿದರೂ ಟ್ರಿಮ್ ಅಲುಗಲಿಲ್ಲ. ಜಾಕ್ ಎತ್ತಿ ಕೈಯಲ್ಲಿ ತಿರುಗಿಸಿದಾಗ ನಾಲ್ಕು ಚಕ್ರವೂ ಸಲೀಸಾಗಿ ತಿರುಗಿದವು, ಬ್ರೇಕ್ ಹಿಡಿದುಕೊಂಡಿರಲಿಲ್ಲ.

ಒಂದೊಂದಾಗಿ ಬಿಚ್ಚಿದ್ದು

ಮೂರೂ ದೋಷ ಗೊತ್ತಾದ ಮೇಲೆ ಎಲ್ಲವನ್ನೂ ಒಂದೇ ದಿನ ಸರಿಪಡಿಸುವ ಆಸೆ ಹುಟ್ಟುತ್ತದೆ. ಹಾಗೆ ಮಾಡಬಾರದು. ಒಂದೊಂದೇ ಸರಿಮಾಡಿ, ಪ್ರತಿ ಸಲ ಇಸಿಯು ನೆನಪಿಟ್ಟುಕೊಂಡ ಲಾಂಗ್ ಟರ್ಮ್ ಟ್ರಿಮ್ ಅಳಿಸಿ, ಇಪ್ಪತ್ತು ಮೂವತ್ತು ಕಿ.ಮೀ. ಓಡಿಸಿ ಮತ್ತೆ ಓದಿದರೆ ಮಾತ್ರ ಯಾವುದು ಎಷ್ಟು ಕೆಡಿಸಿತ್ತು ಎಂದು ತಿಳಿಯುತ್ತದೆ.

ಮೊದಲು ಥರ್ಮೋಸ್ಟಾಟ್, ಯಾಕೆಂದರೆ ಎಂಜಿನ್ ಕಾಯದೆ ಬೇರೆ ಯಾವ ಅಂಕಿಗೂ ಬೆಲೆಯಿಲ್ಲ. ಹೌಸಿಂಗ್ ಬಿಚ್ಚಿದರೆ ಒಳಗೆ ವಾಲ್ವೇ ಇರಲಿಲ್ಲ. ಹಿಂದೆ ಯಾವಾಗಲೋ ಎಂಜಿನ್ ಹೀಟ್ ಆದಾಗ ಯಾರೋ ತೆಗೆದು ಬಿಸಾಡಿದ್ದರು. ‘ನಮ್ಮ ಊರಿನ ಬಿಸಿಲಿಗೆ ವಾಲ್ವ್ ಬೇಡ’ ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ, ಕಾರ್ಬುರೇಟರ್ ಕಾಲದಲ್ಲಿ ಅದರ ನಷ್ಟ ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೇ. ಫ್ಯೂಯಲ್ ಇಂಜೆಕ್ಷನ್ ಎಂಜಿನ್ನಿಗೆ 62 ಡಿಗ್ರಿ ಎಂದರೆ ಇನ್ನೂ ಬೆಳಗಿನ ಚಳಿ. ಅದು ವಾರ್ಮ್-ಅಪ್ ಪೆಟ್ರೋಲ್ ಸೇರಿಸುತ್ತಲೇ ಇರುತ್ತದೆ. ಆರೇಳು ಕಿಲೋಮೀಟರಿನ ಓಡಾಟದಲ್ಲಂತೂ ದಾರಿಯ ಬಹುಪಾಲು ಹಾಗೇ ಕಳೆಯುತ್ತದೆ. ತಣ್ಣನೆಯ ಸಿಲಿಂಡರ್ ಗೋಡೆಯಲ್ಲಿ ಪೆಟ್ರೋಲ್ ಆವಿಯಾಗದೆ ಆಯಿಲಿಗೆ ಇಳಿಯುವುದಕ್ಕೂ ಇದೇ ದಾರಿ.

ಹೊಸ ವಾಲ್ವನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇಳಿಬಿಟ್ಟು ಕಾಯಿಸಿ ನೋಡಬೇಕು. ಇದು 82ಕ್ಕೆ ಬಾಯಿ ಬಿಟ್ಟು 95ಕ್ಕೆ ಪೂರ್ತಿ ತೆರೆಯಿತು. ಕಬ್ಬಿಣದ ತುಕ್ಕು ಬಣ್ಣದ ನಲ್ಲಿ ನೀರನ್ನು ಚೆಲ್ಲಿ, ತೊಳೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ತುಂಬಿ, ಗಾಳಿ ಬಿಡಿಸಲಾಯಿತು. ಮೊದಲು ಹೀಟ್ ಆದದ್ದು ಯಾಕೆ ಎಂಬುದನ್ನೂ ಹುಡುಕಬೇಕು, ಇಲ್ಲದಿದ್ದರೆ ವಾಲ್ವ್ ಮತ್ತೆ ಕಸದ ಬುಟ್ಟಿ ಸೇರುತ್ತದೆ. ಇಲ್ಲಿ ಫ್ಯಾನ್ ರಿಲೇಯ ಕಾಂಟ್ಯಾಕ್ಟ್ ಸುಟ್ಟಿತ್ತು. ರಿಲೇ ಬದಲಾಯಿಸಿದ ಮೇಲೆ ಕೂಲಂಟ್ 84–92ರ ನಡುವೆ ನಿಂತಿತು. ಟ್ರಿಮ್ ಐಡ್ಲಿಂಗ್‌ನಲ್ಲಿ +1ರಿಂದ +5ಕ್ಕೆ, 2500ರಲ್ಲಿ −8ರಿಂದ −4ಕ್ಕೆ ಬಂತು. ವಾರ್ಮ್-ಅಪ್ ಹೆಚ್ಚಳ ಹೋದಷ್ಟು ಇಸಿಯು ಕಡಿತವನ್ನು ಸಡಿಲಿಸಿತು.

ಎರಡನೆಯದು ಗಾಳಿಯ ಸೆನ್ಸರ್. ಅದರ ವೈರನ್ನು ಹಿಡಿದು ಹೋದರೆ ಕಪ್ಪು ಟೇಪಿನ ಕೆಳಗೆ ಒಂದು ರೆಸಿಸ್ಟರ್: ಕಿತ್ತಳೆ, ಬಿಳಿ, ಕೆಂಪು ಪಟ್ಟಿ, ಅಂದರೆ 3.9 ಕಿಲೋಓಮ್. ‘ಪವರ್ ಚಿಪ್’ ಎಂದು ಕೆಲವು ನೂರು ರೂಪಾಯಿಗೆ ಮಾರುವ ಸಾಮಾನು ಇದೇ. ಈ ಸೆನ್ಸರ್ ಬಿಸಿಯಾದಷ್ಟೂ ರೋಧ ಕಡಿಮೆಯಾಗುವ ಜಾತಿಯದು, 40 ಡಿಗ್ರಿಯಲ್ಲಿ ಸುಮಾರು 1.2 ಕಿಲೋಓಮ್. ಅದಕ್ಕೆ 3.9 ಸೇರಿಸಿದರೆ ಇಸಿಯು ಕಣ್ಣಿಗೆ 5 ಕಿಲೋಓಮ್, ಅಂದರೆ 4 ಡಿಗ್ರಿಯ ಚಳಿಗಾಳಿ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆಂದು ಅದು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಎಷ್ಟು ಹೆಚ್ಚು? ನಿಜವಾದ ಗಾಳಿ 41 ಡಿಗ್ರಿ, ಎಂದರೆ 314 ಕೆಲ್ವಿನ್. ನಂಬಿಸಿದ್ದು 277 ಕೆಲ್ವಿನ್. 314ನ್ನು 277ರಿಂದ ಭಾಗಿಸಿದರೆ 1.13. ಎಲ್ಲ ವೇಗದಲ್ಲೂ, ಎಲ್ಲ ಲೋಡಿನಲ್ಲೂ ಶೇ. 13 ಹೆಚ್ಚು. ನಿಧಾನದ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಹಿಂದಕ್ಕೆಳೆಯಬಲ್ಲದು. ಪೂರ್ತಿ ಆಕ್ಸಿಲರೇಟರಿನಲ್ಲಿ ಇಸಿಯು ಆ ಸೆನ್ಸರಿನ ಮಾತು ಕೇಳುವುದಿಲ್ಲ, ಆಗಲೇ ಕೊಬ್ಬಿದ ಮಿಶ್ರಣದ ಮೇಲೆ ಇನ್ನೂ ಶೇ. 13 ಬೀಳುತ್ತದೆ. ಕಪ್ಪು ಹೊಗೆ ಅಲ್ಲಿಂದಲೇ ಬರುತ್ತಿತ್ತು. ಪವರ್ ಇದರಿಂದ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ, ತಗ್ಗುತ್ತದೆ.

ರೆಸಿಸ್ಟರ್ ಕತ್ತರಿಸಿ ವೈರನ್ನು ಮೊದಲಿನಂತೆ ಜೋಡಿಸಿದ ಕೂಡಲೇ ಹೊಗೆ ನಿಂತಿತು. ಆದರೆ ಐಡ್ಲಿಂಗ್ ಟ್ರಿಮ್ +19ಕ್ಕೆ ಹಾರಿತು, 2500ರಲ್ಲಿ +8. ಸಿಓ ಇನ್ನೂ 4ರ ಹತ್ತಿರವೇ. ಇಲ್ಲಿ ಗಾಬರಿಯಾಗಿ ‘ಸರಿ ಇದ್ದದ್ದು ಕೆಟ್ಟಿತು’ ಎಂದು ರೆಸಿಸ್ಟರ್ ಮರಳಿ ಹಾಕುವವರಿದ್ದಾರೆ. ಕೆಟ್ಟದ್ದು ಏನೂ ಇಲ್ಲ, ಮುಚ್ಚಿಕೊಂಡಿದ್ದ ಮೂರನೆಯ ದೋಷ ಬೆತ್ತಲಾಯಿತು. ಎಂಜಿನ್ ರಿಚ್ (ಪೆಟ್ರೋಲ್ ಹೆಚ್ಚು) ಇದ್ದರೂ ಇಸಿಯು ಶೇ. 19 ಪೆಟ್ರೋಲ್ ಸೇರಿಸುತ್ತಿದೆ ಎಂದರೆ ಆಕ್ಸಿಜನ್ ಸೆನ್ಸರ್ ಅದಕ್ಕೆ ‘ಲೀನ್’ (ಪೆಟ್ರೋಲ್ ಕಡಿಮೆ) ಎಂದು ಹೇಳುತ್ತಿದೆ. ಐಡ್ಲಿಂಗ್‌ನಲ್ಲಿ ಹೆಚ್ಚು, ವೇಗ ಏರಿದಂತೆ ಕಡಿಮೆ ಎಂಬುದು ಸೆನ್ಸರಿಗಿಂತ ಮುಂಚಿನ ಎಕ್ಸಾಸ್ಟ್ ಲೀಕಿನ ಗುರುತು. ಪ್ರತಿ ಸಿಲಿಂಡರ್ ಹೊಗೆ ಉಗುಳಿದ ಮೇಲೆ ಪೈಪಿನಲ್ಲಿ ಕ್ಷಣಕಾಲ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದು ಬಿರುಕಿನಿಂದ ಗಾಳಿ ಒಳಗೆ ನುಗ್ಗುತ್ತದೆ. ವೇಗ ಹೆಚ್ಚಾದಾಗ ಹೊಗೆಯ ಪ್ರಮಾಣವೇ ಹೆಚ್ಚಿ ಆ ಗಾಳಿಯ ಪಾಲು ನಗಣ್ಯವಾಗುತ್ತದೆ.

ಲೀಕ್ ಹುಡುಕಲು ಎಂಜಿನ್ ತಣ್ಣಗಿರಬೇಕು. ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯನ್ನು ಸೈಲೆನ್ಸರಿಗೆ ಬಟ್ಟೆ ಸುತ್ತಿ ಕಟ್ಟಿ, ಹೆಡರಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿದರೆ ಸಾಕು. ಒಂದನೆಯ ಸಿಲಿಂಡರಿನ ಫ್ಲ್ಯಾಂಜ್ ಹತ್ತಿರ ಗುಳ್ಳೆಗಳು ಎದ್ದವು, ನಾಲ್ಕು ಪೈಪು ಎರಡಾಗುವ ಸ್ಲಿಪ್ ಜಾಯಿಂಟಿನಲ್ಲೂ. ಹೆಡರ್ ಬಿಚ್ಚಿ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದಾಗ ಫ್ಲ್ಯಾಂಜ್ 0.8 ಮಿ.ಮೀ. ಸೊಟ್ಟಗಾಗಿತ್ತು. 0.1ರ ಆಸುಪಾಸಿಗಿಂತ ಹೆಚ್ಚಿದ್ದರೆ ಯಾವ ಗ್ಯಾಸ್ಕೆಟ್ಟೂ ತಡೆಯದು. ತೆಳು ಫ್ಲ್ಯಾಂಜಿಗೆ ಪೈಪ್ ವೆಲ್ಡ್ ಮಾಡುವಾಗ ಬಿಗಿಯಾಗಿ ಕಟ್ಟದೆ ಬಿಟ್ಟರೆ ಹೀಗಾಗುತ್ತದೆ.

ಫ್ಲ್ಯಾಂಜನ್ನು ಮಿಲ್ಲಿಂಗ್‌ನಲ್ಲಿ ಸಮ ಮಾಡಿಸಿ, ಸ್ಲಿಪ್ ಜಾಯಿಂಟುಗಳಿಗೆ ಟಿಗ್ ವೆಲ್ಡ್ ಹಾಕಿಸಿ, ಉಕ್ಕಿನ ಪದರದ ಹೊಸ ಗ್ಯಾಸ್ಕೆಟ್ ಕೂರಿಸಲಾಯಿತು. ನಟ್‌ಗಳನ್ನು ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ 23 ನ್ಯೂಟನ್ ಮೀಟರಿಗೆ ಬಿಗಿ ಮಾಡಿದ್ದು. ಸಿಲಿಕಾನ್ ಪೇಸ್ಟ್ ಬಳಿಯಬಾರದು, ಅದರ ಆವಿ ಆಕ್ಸಿಜನ್ ಸೆನ್ಸರನ್ನು ಕೊಲ್ಲುತ್ತದೆ.

ಹೆಡರಿಗಾಗಿ ಸೆನ್ಸರ್ ಕೆಳಗೆ ಸರಿದದ್ದರಿಂದ ಅದರ ವೈರನ್ನು ಉದ್ದ ಮಾಡಿ ಬೆಸುಗೆ ಹಾಕಿದ್ದರು. ಈ ಜಿರ್ಕೋನಿಯಾ ಸೆನ್ಸರ್ ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ತನ್ನ ವೈರಿನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತದೆ, ಬೆಸುಗೆ ಆ ದಾರಿಯನ್ನು ಮುಚ್ಚಬಹುದು. ಬೆಸುಗೆ ಕತ್ತರಿಸಿ ಕ್ರಿಂಪ್ ಕನೆಕ್ಟರ್ ಹಾಕಲಾಯಿತು. ಸೆನ್ಸರ್ ಮಾತ್ರ ಜೀವಂತವಾಗಿತ್ತು: ಇಂಟೇಕ್‌ಗೆ ಸ್ವಲ್ಪ ಎಲ್‌ಪಿಜಿ ಬಿಟ್ಟಾಗ ತಕ್ಷಣ 0.9 ವೋಲ್ಟ್, ವ್ಯಾಕ್ಯೂಮ್ ಹೋಸ್ ಬಿಚ್ಚಿದಾಗ 0.1. ಇಂಥ ಸೆನ್ಸರನ್ನು ಬದಲಾಯಿಸುವುದು ದುಡ್ಡು ದಂಡ.

ಟ್ರಿಮ್ ಈಗ ಐಡ್ಲಿಂಗ್‌ನಲ್ಲೂ 2500ರಲ್ಲೂ +6. ಇದು ಸೊನ್ನೆಗೆ ಬರಲಿಲ್ಲವೆಂದು ಕೊರಗಬೇಕಿಲ್ಲ. ಶುದ್ಧ ಪೆಟ್ರೋಲಿನ ಸರಿಯಾದ ಗಾಳಿ-ಇಂಧನ ಪ್ರಮಾಣ 14.7, ಶೇ. 10 ಎಥನಾಲ್ ಬೆರೆತ ಇ10ಕ್ಕೆ ಸುಮಾರು 14.1, ಶೇ. 20 ಬೆರೆತ ಇ20ಕ್ಕೆ ಸುಮಾರು 13.5. ಬಿಎಸ್-4 ಕಾಲದ ಲೆಕ್ಕ ಹೊತ್ತ ಇಸಿಯು ಇ20 ಕುಡಿಯುವಾಗ ಇಷ್ಟು ಪ್ಲಸ್ ತೋರಿಸುವುದೇ ಸಹಜ. ಎರಡೂ ವೇಗದಲ್ಲಿ ಅಂಕಿ ಒಂದೇ ಇರುವುದು ಒಳ್ಳೆಯ ಲಕ್ಷಣ.

ಉಳಿದ ಕೆಲಸ

ಪ್ಲಗ್ಗುಗಳನ್ನು ಕಂಪನಿಯ ಹೀಟ್ ರೇಂಜಿಗೆ ಮರಳಿಸಲಾಯಿತು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ದಾಟಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ಓಡುವ ಗಾಡಿಯಲ್ಲಿ ಕೋಲ್ಡ್ ಪ್ಲಗ್ ಆ ಬಿಸಿಯನ್ನು ಮುಟ್ಟುವುದೇ ಇಲ್ಲ. ಪೆಟ್ರೋಲ್ ಬೆರೆತ ಆಯಿಲನ್ನು ಫಿಲ್ಟರ್ ಸಮೇತ ಬದಲಾಯಿಸಿದ್ದು ದೋಷಗಳೆಲ್ಲ ಸರಿಯಾದ ಮೇಲೆ. ಮೊದಲೇ ಮಾಡಿದ್ದರೆ ಹೊಸ ಆಯಿಲೂ ವಾರದಲ್ಲಿ ಕೆಡುತ್ತಿತ್ತು.

ಕ್ಯಾಟಲಿಟಿಕ್ ಕನ್ವರ್ಟರ್ ಮರಳಿ ಬಂತು, ಚೆಕ್ ಲೈಟ್ ಹತ್ತದಂತೆ ಎರಡನೆಯ ಆಕ್ಸಿಜನ್ ಸೆನ್ಸರಿಗೆ ಹಾಕಿದ್ದ ಸ್ಪೇಸರ್ ಹೋಯಿತು. ಬಿಎಸ್-4 ಪೆಟ್ರೋಲ್ ಕಾರಿಗೆ ಎಮಿಷನ್ ಪರೀಕ್ಷೆಯಲ್ಲಿ ಐಡ್ಲಿಂಗ್ ಮಿತಿ ಸಿಓ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ. ಕ್ಯಾಟ್ ಇಲ್ಲದ ಎಂಜಿನ್ ಎಷ್ಟೇ ಚೆನ್ನಾಗಿ ಟ್ಯೂನ್ ಆಗಿದ್ದರೂ ಅದನ್ನು ದಾಟುವುದು ಕಷ್ಟ: ಇದೇ ಎಂಜಿನ್ ಲೀಕ್ ಮುಚ್ಚಿದ ಮೇಲೂ, ಕ್ಯಾಟ್ ಹಾಕುವ ಮೊದಲು, ಸಿಓ ಶೇ. 0.6 ತೋರಿಸಿತ್ತು. ಹಾಕಿದ ಮೇಲೆ 0.05, ಹೈಡ್ರೋಕಾರ್ಬನ್ 60. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹೆಡರ್ ಉಳಿಸಿಕೊಳ್ಳುವ ತೀರ್ಮಾನ ಮಾಲೀಕರದ್ದು, ಈ ವಿಷಯ ಅವರಿಗೆ ತಿಳಿಸಿಯೇ ಮಾಡಿದ್ದು.

ರೀಮ್ಯಾಪನ್ನು ಮುಟ್ಟಲೇ ಇಲ್ಲ. ಮೊದಲ ಆರೋಪಿ ಅದೇ ಆಗಿತ್ತು, ಆದರೆ ಸೆನ್ಸರುಗಳು ನಿಜ ಹೇಳಲು ಶುರುಮಾಡಿದ ಮೇಲೆ ಅದರಲ್ಲಿ ತಪ್ಪು ಕಾಣಲಿಲ್ಲ.

ಥರ್ಮೋಸ್ಟಾಟ್ ಮತ್ತು ರೆಸಿಸ್ಟರ್ ಕೆಲಸದ ನಂತರ ಒಂದು ಟ್ಯಾಂಕ್ ಅಳೆದಾಗ ಟೈರಿನ ತಿದ್ದುಪಡಿ ಸೇರಿ 12.6 ಬಂದಿತ್ತು. ಲೀಕ್, ಪ್ಲಗ್ ಎಲ್ಲ ಮುಗಿದ ಮೇಲೆ 330 ಕಿ.ಮೀ.ಗೆ 24 ಲೀಟರ್, ತಿದ್ದುಪಡಿಯೊಂದಿಗೆ 14.1. ಹಳೆಯ 15–16ಕ್ಕೂ ಇದಕ್ಕೂ ನಡುವೆ ಉಳಿದದ್ದು ಇ20 ಮತ್ತು ಅಗಲ ಟೈರಿನ ಪಾಲು, ಎಂಜಿನ್ನಿನಲ್ಲಿ ಹುಡುಕಿದರೆ ಸಿಗದು. 500 ಕಿ.ಮೀ. ಕಳೆದ ಮೇಲೆ ಹೆಡರ್ ನಟ್‌ಗಳನ್ನು ತಣ್ಣಗಿರುವಾಗ ಮತ್ತೆ ಟಾರ್ಕ್ ಮಾಡಿದಾಗ ತುದಿಯ ಎರಡು ನಟ್ ಕಾಲು ಸುತ್ತು ತಿರುಗಿದವು. ಟ್ರಿಮ್ ಆಗಲೂ +6ರಲ್ಲೇ ಇತ್ತು.